ಆರರಲ್ಲಿ ಐದು ಕಳೆದರೆ

ಒಳ್ಳೆಯ ಕೃತಿಯೊಂದನ್ನು ಕುರಿತು ಮಾತನಾಡುವುದು ಸುಲಭ. ಕೆಟ್ಟ ಕೃತಿಯನ್ನು ಕುರಿತು ಮಾತನಾಡುವುದು ಇನ್ನೂ ಸುಲಭ. ಕಷ್ಟವಾಗುವುದು, ದೋಷಗಳನ್ನೆಲ್ಲ ಬೆರಳು ಮಡಿಸಿ ಎಣಿಸಿದ ಮೇಲೂ ‘ಆದರೂ ನೋಡಿ ಸಂತೋಷಪಟ್ಟೆ’ ಎಂದು ಒಪ್ಪಿಕೊಳ್ಳಬೇಕಾದ ಕೃತಿಯೊಂದು ಎದುರಾದಾಗ. ಅಂಥದೊಂದು ಕನ್ನಡ ಚಲನಚಿತ್ರವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಅದರ ಹೆಸರು ಅಕ್ಷರಗಳಲ್ಲಿಲ್ಲ, ಅಂಕಿಗಳಲ್ಲಿದೆ: ‘6-5=2’. ಆರರಲ್ಲಿ ಐದು ಕಳೆದರೆ ಎರಡು! ಒಂದನೆಯ ತರಗತಿಯ ಮಗುವೂ ತಪ್ಪೆಂದು ಹೇಳಬಲ್ಲ ಈ ಲೆಕ್ಕವೇ ಚಿತ್ರದ ಮೊದಲನೆಯ ಕಣ್ಕಟ್ಟು. ಕೆ. ಎಸ್. ಅಶೋಕ ಅವರು ನಿರ್ದೇಶಿಸಿದ ಈ ಚಿತ್ರ 2013ರ ನವೆಂಬರ್ 29ರಂದು ತೆರೆ ಕಂಡಿತು. ಹೆಸರಾಂತ ನಾಯಕನಿಲ್ಲ, ಹಾಡಿಲ್ಲ, ಕುಣಿತವಿಲ್ಲ. ಹಣವಂತೂ ಕಾಣುವಷ್ಟು ಖರ್ಚಾಗಿಲ್ಲ. ಆದರೂ ಜನ ಬಂದರು, ಹೆದರಿದರು, ಹೆದರಿದ್ದನ್ನು ಮನೆಗೆ ಹೋಗಿ ಹೇಳಿ ಮತ್ತಷ್ಟು ಜನರನ್ನು ಕಳುಹಿಸಿದರು. ಮರುವರ್ಷವೇ, ಅಂದರೆ 2014ರಲ್ಲಿ, ಅದೇ ಹೆಸರಿನಿಂದ ಹಿಂದಿಗೂ ಹೋಯಿತು.

ನಾನು ಇದನ್ನು ಚಿತ್ರಮಂದಿರದಲ್ಲಿ ನೋಡಲಿಲ್ಲ. ನೋಡಿದ್ದು 2015ರ ಚಳಿಗಾಲದಲ್ಲಿ, ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಅಂಚಿನ ಒಂದು ಬಾಡಿಗೆ ಕೋಣೆಯಲ್ಲಿ. ಬೆಂಗಳೂರಿನಿಂದ ಕನಕಪುರಕ್ಕೆ ಹೋಗುವ ಹೆದ್ದಾರಿಯಲ್ಲಿರುವ ಹಾರೋಹಳ್ಳಿಯನ್ನು ನಿಮ್ಮಲ್ಲಿ ಅನೇಕರು ಬಸ್ಸಿನ ಕಿಟಕಿಯಿಂದ ನೋಡಿರಬಹುದು. ಅಂದು ಅದು ರಾಮನಗರ ಜಿಲ್ಲೆ. 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಆ ಜಿಲ್ಲೆ ಹೆಸರು ಬದಲಿಸಿಕೊಂಡಿತು. ಊರು ದಾಟಿ ಕೈಗಾರಿಕಾ ಪ್ರದೇಶದೊಳಕ್ಕೆ ಹೊಕ್ಕರೆ ನೋಟವೇ ಬೇರೆ. ಅಳತೆಗೋಲಿಟ್ಟು ಎಳೆದಂಥ ಅಗಲವಾದ ರಸ್ತೆಗಳು, ಎತ್ತರದ ಕಾಂಪೌಂಡುಗಳು, ಒಂದು ಕಾರ್ಖಾನೆಗೂ ಇನ್ನೊಂದು ಕಾರ್ಖಾನೆಗೂ ನಡುವೆ ಯಾರೂ ಇನ್ನೂ ಕಟ್ಟಡ ಎಬ್ಬಿಸದ ಬಯಲು, ಬಯಲಿನಲ್ಲಿ ಹುಟ್ಟುಬಂಡೆ, ಬಂಡೆಯ ಆಚೆ ಕೊಯ್ಲಿಗೆ ಬಂದ ರಾಗಿ ಹೊಲ. ನನ್ನ ಸೋದರಳಿಯನೊಬ್ಬ ಅಲ್ಲಿ ಕೆಲಸಕ್ಕಿದ್ದ. ನಾಲ್ವರು ಹುಡುಗರು ಸೇರಿ ಒಂದು ಕೋಣೆ ಹಿಡಿದಿದ್ದರು. ಕನಕಪುರದಲ್ಲಿ ಒಂದು ಮದುವೆ ಮುಗಿಸಿ ಬರುವಾಗ ಅವನನ್ನು ನೋಡಿಕೊಂಡು ಹೋಗೋಣವೆಂದು ಇಳಿದವನು, ಕೊನೆಯ ಬಸ್ಸು ತಪ್ಪಿ ಅಲ್ಲೇ ಉಳಿದೆ. ‘ಮಾವ, ಒಂದು ದೆವ್ವದ ಪಿಚ್ಚರ್ ಐತೆ, ನಡೆದಿದ್ದು ನಡೆದಂಗೇ ತೆಗೆದವ್ರೆ, ನೋಡ್ತೀರಾ?’ ಎಂದು ಅವನು ಕೇಳಿದ್ದರಲ್ಲಿ ‘ನಡೆದಿದ್ದು ನಡೆದಂಗೇ’ ಎಂಬ ಮಾತು ನನ್ನ ಕುತೂಹಲವನ್ನು ಕೆರಳಿಸಿತು. ಒಂದು ಹಳೆಯ ಲ್ಯಾಪ್‌ಟಾಪನ್ನು ಸ್ಟೂಲಿನ ಮೇಲಿಟ್ಟು, ದೀಪ ಆರಿಸಿ, ಚಾಪೆಯ ಮೇಲೆ ಐದು ಜನ ಕುಳಿತೆವು.

ಕಥೆಯನ್ನು ಹೇಳಲು ಹೆಚ್ಚು ಹೊತ್ತು ಬೇಡ. ನಾಲ್ವರು ಗಂಡಸರು, ಇಬ್ಬರು ಹೆಂಗಸರು, ಒಟ್ಟು ಆರು ಜನ ಗೆಳೆಯರು ಪಶ್ಚಿಮ ಘಟ್ಟದ ಕಾಡಿಗೆ ಚಾರಣ ಹೋಗುತ್ತಾರೆ. ಅವರಲ್ಲೊಬ್ಬ ಕ್ಯಾಮೆರಾ ತಂದಿದ್ದಾನೆ. ದಾರಿ ತಪ್ಪುತ್ತದೆ. ಕಾಡಿನಲ್ಲಿ ಅಮಂಗಳದ ಗುರುತುಗಳು ಕಾಣತೊಡಗುತ್ತವೆ. ರಾತ್ರಿ ಏನೋ ಕೇಳಿಸುತ್ತದೆ. ಒಬ್ಬೊಬ್ಬರಾಗಿ ಇಲ್ಲವಾಗುತ್ತಾರೆ. ಉಳಿಯುವವನು ಒಬ್ಬ. ಹಾಗಾದರೆ ಲೆಕ್ಕದಲ್ಲಿ ಎರಡು ಹೇಗೆ ಬಂತು? ಉಳಿದವನೊಬ್ಬ, ಅವನ ಜೊತೆಗೆ ಬಂದದ್ದೊಂದು ಎಂದು ನಾನು ಅರ್ಥ ಮಾಡಿಕೊಂಡೆ. ಇಷ್ಟೇ ಆಗಿದ್ದರೆ ಇದು ನೂರರಲ್ಲೊಂದು ದೆವ್ವದ ಕಥೆಯಾಗುತ್ತಿತ್ತು. ಆದರೆ ಚಿತ್ರ ತನ್ನನ್ನು ಕಥೆಯೆಂದು ಕರೆದುಕೊಳ್ಳಲು ಒಪ್ಪುವುದೇ ಇಲ್ಲ. ನಿಜವಾಗಿ ನಡೆದ ದುರಂತ ಇದು, ಸತ್ತವರ ಕ್ಯಾಮೆರಾದಲ್ಲಿ ಉಳಿದಿದ್ದ ದೃಶ್ಯಗಳನ್ನೇ ನಿಮ್ಮ ಮುಂದೆ ಇಡುತ್ತಿದ್ದೇವೆ ಎಂಬ ಧಾಟಿಯಲ್ಲಿ ಅದರ ಪ್ರಚಾರ ನಡೆಯಿತು. ಚಿತ್ರದ ಕಟ್ಟೂ ಹಾಗೆಯೇ ಇದೆ. ಫೌಂಡ್ ಫುಟೇಜ್ ಎಂದು ಚಿತ್ರಪ್ರಪಂಚದಲ್ಲಿ ಕರೆಯುವ ಈ ಬಗೆಯನ್ನು ಕನ್ನಡಕ್ಕೆ ತಂದ ಮೊದಲನೆಯ ಚಿತ್ರವೆಂಬ ಹೆಗ್ಗಳಿಕೆಯೂ ಇದಕ್ಕೇ ಸಂದಿದೆ.

ಮೊದಲು ದೋಷಗಳನ್ನು ಹೇಳಿ ಮುಗಿಸುತ್ತೇನೆ. ಚಿತ್ರದ ಪೂರ್ವಾರ್ಧ ಬೇಕಾದುದಕ್ಕಿಂತ ಉದ್ದ. ಹೊರಡುವುದು, ನಡೆಯುವುದು, ದಣಿಯುವುದು, ಕೀಟಲೆ ಮಾಡಿಕೊಳ್ಳುವುದು, ಮತ್ತೆ ನಡೆಯುವುದು. ಕ್ಯಾಮೆರಾ ಎಷ್ಟು ಅಲುಗುತ್ತದೆಯೆಂದರೆ ಘಾಟಿ ರಸ್ತೆಯ ಬಸ್ಸಿನಲ್ಲಿ ಕುಳಿತ ಹಾಗೆ ಹೊಟ್ಟೆ ತೊಳಸುತ್ತದೆ. ಅಭಿನಯ ಒಂದೇ ಮಟ್ಟದಲ್ಲಿಲ್ಲ. ಹೆಣ್ಣು ಪಾತ್ರಗಳಿಗೆ ಕಿರುಚುವುದರ ಹೊರತಾಗಿ ಹೆಚ್ಚಿನ ಕೆಲಸ ಕೊಟ್ಟಿಲ್ಲ. ಭಯವೆಂಬ ಭಾವ ಹೆಂಗಸರಿಗೂ ನೀಚಪ್ರಕೃತಿಯವರಿಗೂ ಸಹಜವಾದುದೆಂದು ಭರತಮುನಿಯೂ ಬರೆದಿಟ್ಟಿದ್ದಾನೆ. ಇಬ್ಬರೂ ಸಂಜೆಯ ಹೊತ್ತು ಹಾರೋಹಳ್ಳಿಗೆ ಬಂದು, ಪಾಳಿ ಮುಗಿಸಿ ಮೊಬೈಲಿನ ಬೆಳಕು ಹಿಡಿದು ಆ ಬಯಲನ್ನು ದಾಟಿ ಹೋಗುವ ಹೆಣ್ಣುಮಕ್ಕಳನ್ನು ಒಮ್ಮೆ ನೋಡಬೇಕಾಗಿತ್ತು. ಎಲ್ಲಕ್ಕಿಂತ ದೊಡ್ಡ ದೋಷ ತರ್ಕದ್ದು. ಪ್ರಾಣಭಯದಿಂದ ಓಡುತ್ತಿರುವವನು ಕ್ಯಾಮೆರಾವನ್ನು ಏಕೆ ಹಿಡಿದುಕೊಂಡೇ ಓಡುತ್ತಾನೆ? ಈ ಪ್ರಶ್ನೆ ಈ ಜಾತಿಯ ಎಲ್ಲ ಚಿತ್ರಗಳಿಗೂ ಹುಟ್ಟುರೋಗ. ಇಲ್ಲೂ ಅದಕ್ಕೆ ಮದ್ದಿಲ್ಲ. ‘ನಾನಾಗಿದ್ರೆ ಎಸ್ದು ಓಡೋಗ್ತಿದ್ದೆ ಸಾರ್’ ಎಂದು ಕೋಣೆಯ ಹುಡುಗರಲ್ಲೊಬ್ಬ ಅಂದ. ಆತ ಶೃಂಗೇರಿಯ ಕಡೆಯವನು. ನಮ್ಮ ಐವರಲ್ಲಿ ಘಟ್ಟದ ಕಾಡನ್ನು ಬಲ್ಲವನು ಅವನೊಬ್ಬನೇ, ಚಿತ್ರದುದ್ದಕ್ಕೂ ನಕ್ಕವನೂ ಅವನೊಬ್ಬನೇ. ‘ಇವ್ರಿಗೆ ಒಂದು ಇಂಬಳಾನೂ ಹತ್ತಲಿಲ್ವಲ್ಲ!’ ಎಂಬುದು ಅವನ ಮುಖ್ಯ ತಕರಾರು.

ಇನ್ನು ಎರವಲಿನ ಮಾತು. ಮೂರು ಜನ ವಿದ್ಯಾರ್ಥಿಗಳು 1994ರ ಅಕ್ಟೋಬರಿನಲ್ಲಿ ಅಮೆರಿಕದ ಮೇರಿಲ್ಯಾಂಡಿನ ಕಾಡಿಗೆ ಮಾಟಗಾತಿಯ ಕಥೆಯನ್ನು ಚಿತ್ರಿಸಲು ಹೋಗಿ ಕಣ್ಮರೆಯಾದರು, ವರ್ಷದ ಮೇಲೆ ಅವರ ರೀಲುಗಳು ಮಾತ್ರ ಸಿಕ್ಕಿದವು ಎಂಬ ಕಟ್ಟುಕಥೆಯ ಮೇಲೆ ಡೇನಿಯಲ್ ಮೈರಿಕ್, ಎಡ್ವಾರ್ಡೊ ಸ್ಯಾಂಚೆಜ್ ಎಂಬಿಬ್ಬರು ತೆಗೆದ ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ 1999ರಲ್ಲಿ ಬಂದಿತ್ತು. ನಟರ ಕೈಗೇ ಕ್ಯಾಮೆರಾ ಕೊಟ್ಟು ಕೇವಲ ಎಂಟು ದಿನಗಳಲ್ಲಿ ಅದರ ಚಿತ್ರೀಕರಣ ಮುಗಿಸಿದ್ದರು. ನಟರ ಸ್ವಂತ ಹೆಸರುಗಳನ್ನೇ ಪಾತ್ರಗಳಿಗಿಟ್ಟು, ‘ಕಾಣೆಯಾಗಿದ್ದಾರೆ’ ಎಂಬ ಚೀಟಿಗಳನ್ನು ಹಂಚಿದರು. ಕೆಲವು ಹತ್ತು ಸಾವಿರ ಡಾಲರಿನಲ್ಲಿ ತಯಾರಾದ ಚಿತ್ರ ಜಗತ್ತಿನಾದ್ಯಂತ 24 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ನಮ್ಮ ಚಿತ್ರ ಅದಕ್ಕೆ ಋಣಿಯೆಂಬುದು ಎರಡನ್ನೂ ನೋಡಿದ ಯಾರಿಗಾದರೂ ಹೊಳೆಯುತ್ತದೆ. ಅದಕ್ಕಾಗಿ ಮುಖ ಸಿಂಡರಿಸಬೇಕಾದ್ದೇನೂ ಇಲ್ಲ. ಬೀಜ ಯಾರ ಮನೆಯಿಂದಲೇ ಬಂದಿರಲಿ, ಬೆಳೆ ನಮ್ಮ ಮಣ್ಣಿನಲ್ಲಿ ಎದ್ದಿದೆಯೇ ಎಂಬುದನ್ನು ನೋಡಬೇಕು. ಇಲ್ಲಿ ಎದ್ದಿದೆ. ಏಕೆಂದರೆ ಈ ಆರು ಜನರ ಮಾತು ಬರೆದು ಬಾಯಿಪಾಠ ಮಾಡಿದ ಸಂಭಾಷಣೆಯ ಹಾಗೆ ಕೇಳಿಸುವುದಿಲ್ಲ. ಬೆಂಗಳೂರಿನ ಹುಡುಗರು ವಾರಾಂತ್ಯದಲ್ಲಿ ಟೆಂಪೊ ಹತ್ತಿ ಹೊರಟಾಗ ಆಡುವ ಮಾತೇ ಅದು. ಮುಖ್ಯವಾಗಿ ವಿಜಯ್ ಚೆಂಡೂರ್ ಎಂಬ ನಟನ ಹಾಸ್ಯ. ನಡೆಯಲಾರದೆ ಗೊಣಗುತ್ತ, ತನ್ನನ್ನೇ ತಾನು ಗೇಲಿ ಮಾಡಿಕೊಳ್ಳುತ್ತ ಆತ ನಗಿಸುತ್ತ ಹೋದ ಹಾಗೆ ನಮಗೆ ಗೊತ್ತಿಲ್ಲದೆಯೇ ಈ ಗುಂಪಿನ ಬಗ್ಗೆ ಒಂದು ಅಕ್ಕರೆ ಬೆಳೆದಿರುತ್ತದೆ. ಪೂರ್ವಾರ್ಧ ಉದ್ದವಾಯಿತೆಂದು ಈಗತಾನೆ ದೂರಿದೆನಲ್ಲ, ಆ ಉದ್ದದ ಲಾಭವೂ ಇದೇ.

ಲಾಭ ಕಾಣುವುದು ಕತ್ತಲಾದ ಮೇಲೆ. ಬಾನುಲಿಯ ಮುಂದೆ ಕುಳಿತು ಈ ಮಾತನ್ನು ಹೇಳುವುದು ಉಚಿತವಾಗಿಯೇ ಇದೆ: ಭಯ ಕಣ್ಣಿನ ವಿಷಯವಲ್ಲ, ಕಿವಿಯದು. ಕಂಡ ದೆವ್ವಕ್ಕೆ ಆಕಾರ ಬಂದುಬಿಡುತ್ತದೆ. ಆಕಾರ ಬಂದದ್ದನ್ನು ಅಳೆಯಬಹುದು, ಅಳೆದದ್ದನ್ನು ನಗಬಹುದು. ಕೇಳಿಸಿದ್ದಕ್ಕೆ ಅಳತೆಯಿಲ್ಲ. ಹಣವಿಲ್ಲದ ನಿರ್ದೇಶಕನಿಗೆ ದೆವ್ವವನ್ನು ತೋರಿಸುವ ಶಕ್ತಿ ಇರುವುದಿಲ್ಲವಾದ್ದರಿಂದ ಅವನು ಕೇಳಿಸುತ್ತಾನೆ. ಬಡತನವೇ ಅವನಿಗೆ ಕಲೆಯನ್ನು ಕಲಿಸುತ್ತದೆ. ಇಲ್ಲಿಯೂ ಹಾಗೆಯೇ ಆಗಿದೆ. ಒಣಎಲೆಯ ಮೇಲಿನ ಸದ್ದು, ಡೇರೆಯ ಬಟ್ಟೆಯ ಆಚೆಗಿನ ಉಸಿರು, ಕತ್ತಲಲ್ಲಿ ಒಬ್ಬರು ಇನ್ನೊಬ್ಬರ ಹೆಸರು ಹಿಡಿದು ಕೂಗಿ ಉತ್ತರಕ್ಕಾಗಿ ಕಾಯುವ ಆ ಮೌನ. ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಭಯಾನಕ ರಸದ ವಿಭಾವಗಳನ್ನು ಹೇಳುವಾಗ ಭರತ ಮೊದಲು ಹೆಸರಿಸುವುದು ವಿಕೃತವಾದ ಧ್ವನಿಯನ್ನು; ಅನಂತರ ಭೂತಗಳ ದರ್ಶನ, ನರಿ ಗೂಗೆಗಳಿಂದ ಹುಟ್ಟುವ ಅಂಜಿಕೆ, ಪಾಳುಮನೆಯನ್ನೋ ಅಡವಿಯನ್ನೋ ಹೊಗುವುದು. ಒಂದೂವರೆ ಸಾವಿರ ವರ್ಷಕ್ಕೂ ಹಿಂದಿನ ಆ ಪಟ್ಟಿಯನ್ನು ಮುಂದಿಟ್ಟುಕೊಂಡೇ ಈ ಚಿತ್ರವನ್ನು ತೆಗೆದರೋ ಎನ್ನುವಷ್ಟು ಹೊಂದಿಕೆ ಇದೆ. ಆ ರಸಕ್ಕೆ ಕಪ್ಪು ಬಣ್ಣ, ಕಾಲನೇ ಅಧಿದೇವತೆ ಎಂದೂ ಅವನು ಹೇಳಿದ್ದಾನೆ. ಕಪ್ಪು ಬಣ್ಣವಂತೂ ಈ ಚಿತ್ರದಲ್ಲಿ ಧಾರಾಳ. ಎಷ್ಟೋ ಹೊತ್ತು ಪರದೆಯ ಮೇಲೆ ಅದರ ಹೊರತಾಗಿ ಬೇರೇನೂ ಇರುವುದೇ ಇಲ್ಲ.

ನಮ್ಮ ಜಿಲ್ಲೆಗೂ ಸಿನಿಮಾಕ್ಕೂ ಇರುವ ನಂಟು ‘ಶೋಲೆ’ಯ ಗಬ್ಬರ್ ಸಿಂಗನಿಂದಾಗಿ ಎಲ್ಲರಿಗೂ ಗೊತ್ತು. ಆದರೆ ಬಂದೂಕಿಲ್ಲದ ಒಂದು ಭಯವೂ ಇಲ್ಲೇ ಚಿತ್ರಿತವಾಯಿತೆಂಬುದನ್ನು ಬಲ್ಲವರು ಕಡಿಮೆ. ಡೇವಿಡ್ ಲೀನ್ ಅವರು 1984ರಲ್ಲಿ ಬಿಡುಗಡೆಯಾದ ‘ಎ ಪ್ಯಾಸೇಜ್ ಟು ಇಂಡಿಯಾ’ಕ್ಕಾಗಿ ಫಾರ್ಸ್ಟರನ ಮರಬಾರ್ ಗುಹೆಗಳನ್ನು ಹುಡುಕಿಕೊಂಡು ಬಂದದ್ದು ಸಾವನದುರ್ಗಕ್ಕೆ ಮತ್ತು ರಾಮದೇವರ ಬೆಟ್ಟಕ್ಕೆ. ಆ ಕಥೆಯಲ್ಲಿ ಗುಹೆಯೊಳಗೆ ಏನಾಯಿತೆಂದು ಯಾರೂ ಕಾಣುವುದಿಲ್ಲ; ಇರುವುದು ಒಂದು ಪ್ರತಿಧ್ವನಿ ಮಾತ್ರ. ಕೋಟಿಗಟ್ಟಲೆ ಖರ್ಚು ಮಾಡಬಲ್ಲ ಮಹಾ ನಿರ್ದೇಶಕನಿಗೂ ಕೊನೆಗೆ ಒದಗಿದ್ದು ಆ ಸದ್ದೇ.

ಈಗ ಕಣ್ಕಟ್ಟಿನ ವಿಚಾರಕ್ಕೆ ಬರುತ್ತೇನೆ. ಗಿಮಿಕ್ ಎಂಬ ಮಾತನ್ನು ನಾವು ತಾತ್ಸಾರದಿಂದಲೇ ಬಳಸುತ್ತೇವೆ. ಅಮೆರಿಕದ ವಿಲಿಯಂ ಕ್ಯಾಸಲ್ ಎಂಬ ನಿರ್ಮಾಪಕನಂತೂ ಇದನ್ನೇ ಕಸುಬು ಮಾಡಿಕೊಂಡಿದ್ದ. 1958ರಲ್ಲಿ ತನ್ನ ‘ಮ್ಯಾಕಾಬರ್’ ನೋಡುತ್ತ ಹೆದರಿ ಸತ್ತವರ ಮನೆಯವರಿಗೆ ಸಾವಿರ ಡಾಲರ್ ಸಿಗುವಂತೆ ಲಂಡನ್ನಿನ ಲಾಯ್ಡ್ಸ್‌ನಲ್ಲಿ ವಿಮೆ ಮಾಡಿಸಿದ. ಮರುವರ್ಷ ‘ದಿ ಟಿಂಗ್ಲರ್’ ಬಂದಾಗ ಕೆಲವು ಕುರ್ಚಿಗಳ ಅಡಿಯಲ್ಲಿ ಸಣ್ಣ ಮೋಟರುಗಳನ್ನು ಕಟ್ಟಿಸಿ, ಸರಿಯಾದ ಗಳಿಗೆಯಲ್ಲಿ ನೋಡುಗರ ಬೆನ್ನು ನಡುಗುವಂತೆ ಮಾಡಿದ. ಇದು ಕಲೆಯೇ ಎಂದು ಮೂಗು ಮುರಿಯುವ ಮೊದಲು ನಮ್ಮ ಯಕ್ಷಗಾನದ ಬಣ್ಣದ ವೇಷದ ಪ್ರವೇಶವನ್ನು ನೆನೆದುಕೊಳ್ಳೋಣ. ನಡುರಾತ್ರಿಯ ತೂಕಡಿಕೆಯಲ್ಲಿ ಜನ ಕುಳಿತಿರುವಾಗ ರಕ್ಕಸ ಅಬ್ಬರಿಸುತ್ತ, ರಾಳದ ಪುಡಿ ಎರಚಿ ಭಗ್ಗೆಂದು ಹೊತ್ತಿಸಿದ ದೀವಟಿಗೆಗಳ ಬೆಳಕಿನಲ್ಲಿ ಜನರ ನಡುವಿನಿಂದಲೇ ನುಗ್ಗಿ ಬರುತ್ತಾನೆ. ಕ್ಯಾಸಲನಿಗೆ ಮೋಟರು ಬೇಕಾಯಿತು. ನಮ್ಮವರಿಗೆ ಒಂದು ಹಿಡಿ ರಾಳ ಸಾಕಾಯಿತು, ಅಷ್ಟೇ ವ್ಯತ್ಯಾಸ.

ಅದಕ್ಕಿಂತಲೂ ಅಗ್ಗದ ಭಯವೊಂದನ್ನು ನಾನೇ ಕಂಡಿದ್ದೇನೆ. 1990ರ ದಶಕದಲ್ಲಿ ಬೆಂಗಳೂರಿನ ಬಡಾವಣೆಗಳಲ್ಲೂ ಸುತ್ತಲ ಊರುಗಳಲ್ಲೂ ಮನೆಮನೆಯ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದುದು ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ರಾತ್ರಿ ಒಂದು ದೆವ್ವ ಬಂದು ಮನೆಯವರ ದನಿಯಲ್ಲೇ ಹೆಸರು ಹಿಡಿದು ಕೂಗುತ್ತದೆ, ಓಗೊಟ್ಟವರು ಉಳಿಯುವುದಿಲ್ಲ ಎಂಬ ಪುಕಾರು. ಬಾಗಿಲ ಬರಹವನ್ನು ಓದಿ ದೆವ್ವ ಹಿಂದಿರುಗುತ್ತದೆ. ಮಾರನೆಯ ರಾತ್ರಿ ಬಂದರೆ ಆಗಲೂ ‘ನಾಳೆ ಬಾ’! ಅಕ್ಷರಸ್ಥವೂ ವಿಧೇಯವೂ ಆದ ಆ ದೆವ್ವವನ್ನು ನೆನೆದರೆ ಇಂದು ನಗು ಬರುತ್ತದೆ. ಅಂದು ಬರಲಿಲ್ಲ. ಒಂದು ತುಂಡು ಸೀಮೆಸುಣ್ಣದ ಖರ್ಚಿನಲ್ಲಿ ಇಡೀ ಊರು ನಡುಗಿತು, ಏಕೆಂದರೆ ಅದು ಕಥೆಯೆಂದು ಯಾರೂ ಹೇಳಿರಲಿಲ್ಲ, ಸುದ್ದಿಯೆಂದು ಹೇಳಿದ್ದರು. 2018ರ ಹಿಂದಿ ಚಿತ್ರ ‘ಸ್ತ್ರೀ’ ಇದೇ ಬಗೆಯ ನಂಬಿಕೆಯನ್ನು ಕಥೆಯಾಗಿಸಿದಾಗ ಜನ ನಕ್ಕು ನಲಿದರು. ಸುದ್ದಿಗೂ ಕಥೆಗೂ ಇರುವ ಈ ಅಂತರವನ್ನು ಮೊದಲು ಅಳಿಸಿ ತೋರಿಸಿದ ಕೀರ್ತಿ, ಅಥವಾ ಅಪಕೀರ್ತಿ, ನಮ್ಮ ಬಾನುಲಿಗೇ ಸೇರಬೇಕು. 1938ರ ಅಕ್ಟೋಬರ್ 30ರಂದು ಅಮೆರಿಕದಲ್ಲಿ ಆರ್ಸನ್ ವೆಲ್ಸ್ ಎಂಬ ಯುವಕ ಮಂಗಳ ಗ್ರಹದವರ ದಾಳಿಯ ಕಥೆಯನ್ನು ವಾರ್ತೆಯ ರೂಪದಲ್ಲಿ ಪ್ರಸಾರ ಮಾಡಿದಾಗ, ಇದು ನಾಟಕವೆಂದು ಆರಂಭದಲ್ಲೇ ಸಾರಿದ್ದರೂ ಕೆಲವರು ನಿಜವೆಂದೇ ನಂಬಿದರು. ದೇಶವೇ ಬೀದಿಗೆ ಬಿತ್ತೆಂಬುದು ಮಾರನೆಯ ದಿನದ ಪತ್ರಿಕೆಗಳ ಉತ್ಪ್ರೇಕ್ಷೆ. ಇಟಲಿಯ ರುಜೆರೊ ಡಿಯೊಡಾಟೊ 1980ರಲ್ಲಿ ಇದೇ ಕಣ್ಕಟ್ಟಿನ ಚಿತ್ರವೊಂದನ್ನು ತೆಗೆದು, ತನ್ನ ನಟರು ಬದುಕಿಯೇ ಇದ್ದಾರೆಂದು ನ್ಯಾಯಾಲಯಕ್ಕೆ ಸಾಬೀತು ಮಾಡಬೇಕಾಗಿ ಬಂತು.

ಹಾರೋಹಳ್ಳಿಯ ಕೋಣೆಗೆ ಹಿಂದಿರುಗೋಣ. ಚಿತ್ರ ಮುಕ್ಕಾಲು ಮುಗಿದಿತ್ತು. ಕಾಡಿನಲ್ಲಿ ಯಾರೋ ಯಾರನ್ನೋ ಕೂಗುತ್ತಿದ್ದರು. ಆಗ ಗೋಡೆಗೊರಗಿ ಕುಳಿತಿದ್ದ ಮಳವಳ್ಳಿಯ ಕಡೆಯ ಹುಡುಗ ಸದ್ದಿಲ್ಲದೆ ಎದ್ದು ಹೊರಗೆ ಹೋದ. ಹೆದರಿದನೆಂದು ಉಳಿದವರು ನಗಲಿಲ್ಲ. ಅದು ನನಗೆ ವಿಚಿತ್ರವಾಗಿ ಕಂಡಿತು. ಆ ವಯಸ್ಸಿನ ಹುಡುಗರು ಅಂಥ ಅವಕಾಶವನ್ನು ಬಿಡುವವರಲ್ಲ. ಸೋದರಳಿಯ ನನ್ನ ಕಿವಿಯ ಹತ್ತಿರ ಬಾಗಿ ಹೇಳಿದ. ಹಿಂದಿನ ವರ್ಷ ಆ ಹುಡುಗ ಗೆಳೆಯರ ಜೊತೆ ಸಂಗಮಕ್ಕೆ ಹೋಗಿದ್ದನಂತೆ. ಇದೇ ಕನಕಪುರದ ದಾರಿಯಲ್ಲೇ ಮುಂದೆ ಹೋದರೆ ಅರ್ಕಾವತಿ ಕಾವೇರಿಯನ್ನು ಕೂಡುವ ಸ್ಥಳ ಅದು. ಮೇಲೆ ಶಾಂತವಾಗಿ ಕಾಣುವ ನೀರಿನ ಅಡಿಯಲ್ಲಿ ಬಂಡೆಯೂ ಸುಳಿಯೂ ಇವೆ. ಜೊತೆಗೆ ಬಂದಿದ್ದ ಒಬ್ಬ ಮರಳಿ ಬರಲಿಲ್ಲ. ನೀರಿಗಿಳಿಯುವ ಮೊದಲು ಒಬ್ಬರನ್ನೊಬ್ಬರು ಗೇಲಿ ಮಾಡುತ್ತ ಮೊಬೈಲಿನಲ್ಲಿ ಚಿತ್ರಿಸಿಕೊಂಡ ಮೂರು ನಿಮಿಷದ ತುಣುಕೊಂದು ಇವನ ಮೊಬೈಲಿನಲ್ಲಿ ಇತ್ತು. ಅವನು ಅದನ್ನು ಅಳಿಸಿರಲಿಲ್ಲ. ನೋಡಿಯೂ ಇರಲಿಲ್ಲ.

ನಾನು ಹೊರಗೆ ಹೋದೆ. ಅವನು ರಸ್ತೆಯ ಅಂಚಿನ ಮೋರಿಯ ಕಟ್ಟೆಯ ಮೇಲೆ ಕುಳಿತಿದ್ದ. ದೂರದಲ್ಲಿ ಕಾರ್ಖಾನೆಯೊಂದರ ಯಂತ್ರದ ಗುಂಯ್‌ಗುಡಿತ ಒಂದೇ ಸಮನೆ ಕೇಳಿಸುತ್ತಿತ್ತು. ರಾಗಿ ಹೊಲದ ಕಡೆ ಯಾರೋ ತಗಡು ಬಡಿಯುತ್ತಿದ್ದರು. ಬನ್ನೇರುಘಟ್ಟದ ಕಾಡಿನಿಂದ ಕೊಯ್ಲಿನ ಕಾಲಕ್ಕೆ ಆನೆ ಇಳಿಯುವ ಸೀಮೆ ಅದು. ಒಳಗಿನ ಭಯಕ್ಕೂ ಹೊರಗಿನ ಭಯಕ್ಕೂ ನಡುವೆ ಒಂದು ತಗಡಿನ ಬಾಗಿಲು ಮಾತ್ರ ಇತ್ತು. ಬಹಳ ಹೊತ್ತಿನ ಮೇಲೆ ಅವನೇ ಕೇಳಿದ.

‘ನಿಜ ಅಂತ ಹಾಕವ್ರಲ್ಲ ಸಾರ್, ನಿಜಾನಾ ಅದು?’

‘ಅಲ್ಲಪ್ಪ, ಎಲ್ಲ ನಟರು. ಆ ನಗಿಸ್ತಾನಲ್ಲ, ಅವನು ಆಮೇಲೆ ಬೇರೆ ಸಿನಿಮಾದಲ್ಲೂ ಬಂದಿದ್ದಾನೆ’ ಎಂದೆ.

‘ಅಂಗಾದ್ರೆ ಸರಿ ಬುಡಿ. ನಿಜ ಆಗಿದ್ರೆ ಅವ್ರ ಮನೇವ್ರು ಇದ್ನ ಹೆಂಗ್ ನೋಡ್ತಾರೋ ಅಂತ ಯೋಚ್ನೆ ಆಗಿತ್ತು’ ಎಂದ.

ಚಿತ್ರವನ್ನು ಕುರಿತು ಬಂದ ಯಾವ ವಿಮರ್ಶೆಯಲ್ಲೂ ಈ ಪ್ರಶ್ನೆಯನ್ನು ನಾನು ಕಂಡಿಲ್ಲ. ಆ ರಾತ್ರಿ ನಿದ್ದೆ ಬಾರದೆ ಮಲಗಿದ್ದಾಗ ನನಗೆ ಅಭಿನವಗುಪ್ತನ ನೆನಪಾಯಿತು. ರಸಾನುಭವಕ್ಕೆ ಏಳು ವಿಘ್ನಗಳನ್ನು ಅವನು ಹೇಳುತ್ತಾನೆ. ಮೊದಲನೆಯದು, ಇದು ನಡೆಯುವುದು ಸಾಧ್ಯವೇ ಎಂಬ ಅಪನಂಬಿಕೆ. ಅಸಾಧಾರಣವಾದ ಕಥೆಯನ್ನು ಹೇಳುವಾಗ ರಾಮನಂಥ ಪ್ರಸಿದ್ಧ ಹೆಸರನ್ನು ಆರಿಸಿಕೊಂಡರೆ ಈ ವಿಘ್ನ ನೀಗುತ್ತದೆ, ಏಕೆಂದರೆ ಅಲ್ಲಿ ಜನರ ನಂಬಿಕೆ ಮೊದಲೇ ಬೇರೂರಿರುತ್ತದೆ. ಎರಡನೆಯದು, ಇದು ನನ್ನದು, ಇದು ಅವನದು, ಇದು ಇಂಥ ಊರಿನಲ್ಲಿ ಇಂಥ ದಿನ ನಡೆದದ್ದು ಎಂಬ ಭಾವದಲ್ಲಿ ಮನಸ್ಸು ಸಿಕ್ಕಿಕೊಳ್ಳುವುದು. ಸ್ವಂತದ ಸುಖದುಃಖ ಮೇಲೆದ್ದರೆ ರಸ ಕದಡಿಹೋಗುತ್ತದೆ. ಇದನ್ನು ನೀಗುವುದಕ್ಕಾಗಿಯೇ ರಂಗಭೂಮಿಯಲ್ಲಿ ಪೂರ್ವರಂಗ, ಸೂತ್ರಧಾರ, ನಟಿ, ಕಿರೀಟ, ಬಣ್ಣ ಎಲ್ಲ ಇರುವುದು. ಅಷ್ಟನ್ನೂ ದಾಟಿ ಒಳಗೆ ಬಂದವನಿಗೆ ಇದು ಆಟವೆಂಬುದು ಗೊತ್ತಿರುತ್ತದೆ, ಗೊತ್ತಿದ್ದೂ ಅವನು ಕರಗುತ್ತಾನೆ. ದುಷ್ಯಂತನ ಬಾಣಕ್ಕೆ ಹೆದರಿ ಕತ್ತು ತಿರುಗಿಸಿ ನೋಡುತ್ತ ಓಡುವ ಜಿಂಕೆಯ ಭಯವನ್ನು ಅಭಿನವಗುಪ್ತ ಉದಾಹರಣೆಗೆ ತೆಗೆದುಕೊಳ್ಳುವುದು ಇಂಥ ಚರ್ಚೆಯಲ್ಲೇ: ಆ ಭಯ ಜಿಂಕೆಯದೂ ಅಲ್ಲ, ನನ್ನದೂ ಅಲ್ಲ, ದೇಶಕಾಲಗಳ ಕಟ್ಟು ಬಿಚ್ಚಿಕೊಂಡ ಭಯ ಮಾತ್ರ.

‘6-5=2’ ಮಾಡಿದ ಕೆಲಸವನ್ನು ಈ ಬೆಳಕಿನಲ್ಲಿ ನೋಡಿದರೆ ಅದರ ಜಾಣತನವೂ ಅದರ ಅಪಾಯವೂ ಒಟ್ಟಿಗೇ ಕಾಣುತ್ತವೆ. ದೆವ್ವದ ಕಥೆಗೆ ಇಂದು ಮೊದಲನೆಯ ವಿಘ್ನ ದೊಡ್ಡದು. ನಂಬುವವರು ಕಡಿಮೆಯಾಗಿದ್ದಾರೆ, ರಾಮನಂಥ ಹೆಸರಿನ ಆಸರೆಯೂ ಇಲ್ಲ. ಆದ್ದರಿಂದ ನಿರ್ದೇಶಕರು ನಮ್ಮ ಕಾಲ ಇನ್ನೂ ನಂಬುವ ಏಕೈಕ ವಸ್ತುವನ್ನು, ಅಂದರೆ ಅಲುಗುವ ಕೈಯಲ್ಲಿ ತೆಗೆದ ವಿಡಿಯೊವನ್ನು, ಆಸರೆಯಾಗಿ ಹಿಡಿದರು. ಮೊದಲನೆಯ ವಿಘ್ನ ತೊಲಗಿತು. ಆದರೆ ಅದಕ್ಕಾಗಿ ಪೂರ್ವರಂಗವನ್ನು ಕಿತ್ತುಹಾಕಬೇಕಾಯಿತು, ಎರಡನೆಯ ವಿಘ್ನವನ್ನು ಬಾಗಿಲು ತೆರೆದು ಒಳಕ್ಕೆ ಕರೆಯಬೇಕಾಯಿತು. ಸ್ವಂತಕ್ಕೆ ಏನೂ ಕಳೆದುಕೊಳ್ಳದ ನಮ್ಮಂಥವರಿಗೆ ಅದರಿಂದ ಬಾಧೆಯಿಲ್ಲ. ನಾವು ಅರೆನಂಬಿಕೆಯಲ್ಲಿ ತೇಲಿಕೊಂಡು, ಹೆದರಿ, ಹೆದರಿದ್ದಕ್ಕೆ ನಕ್ಕು, ಹೊರಗೆ ಬರುತ್ತೇವೆ. ಮೊಬೈಲಿನಲ್ಲಿ ಮೂರು ನಿಮಿಷವನ್ನು ಇಟ್ಟುಕೊಂಡವನಿಗೆ ಹಾಗೆ ತೇಲಲು ನೀರೇ ಇಲ್ಲ.

ಹಾಗೆಂದು ನಿರ್ದೇಶಕರು ತಪ್ಪು ಮಾಡಿದರೆಂದು ನಾನು ಹೇಳುತ್ತಿಲ್ಲ. ಪ್ರಚಾರದ ಸುಳ್ಳನ್ನು ನಾನು ಪೂರ್ತಿ ಮನ್ನಿಸಲಾರೆ. ಚಿತ್ರದೊಳಗಿನ ಸುಳ್ಳನ್ನು ಮಾತ್ರ ಸಂತೋಷದಿಂದ ಮನ್ನಿಸುತ್ತೇನೆ. ಚಿತ್ರದೊಳಗಿನ ಸುಳ್ಳಿಗೆ ಒಂದು ಕೊನೆಯಿದೆ, ದೀಪ ಹಾಕಿದ ಕೂಡಲೇ ಅದು ಮುಗಿಯುತ್ತದೆ. ಸತ್ತವರು ಎದ್ದು ಬೇರೆ ಚಿತ್ರಗಳಲ್ಲಿ ನಗಿಸಲು ಹೋಗುತ್ತಾರೆ. ಅದೂ ಅಲ್ಲದೆ ಈ ಬಗೆಯ ಕಣ್ಕಟ್ಟು ಒಂದೇ ಸಲ ಉರಿಯುವ ಮತಾಪು. ಎರಡನೆಯ ಬಾರಿ ನೋಡಿದಾಗ ಚಿತ್ರದ ‘ನಿಜ’ ನನ್ನನ್ನು ಕಿಂಚಿತ್ತೂ ಹೆದರಿಸಲಿಲ್ಲ. ಹೆದರಿಸಿದ್ದು ಡೇರೆಯ ಆಚೆಗಿನ ಸದ್ದು, ಅದು ಮೊದಲಿನಷ್ಟೇ. ಪ್ರಚಾರದವರು ಇದನ್ನು ಅರಿತಿದ್ದರೆ ಸುಳ್ಳನ್ನು ಅಷ್ಟು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸುವ ಅಗತ್ಯವೇ ಬೀಳುತ್ತಿರಲಿಲ್ಲ.

ಆ ರಾತ್ರಿ ನಾವಿಬ್ಬರೂ ಒಳಗೆ ಬರುವಷ್ಟರಲ್ಲಿ ಚಿತ್ರ ಮುಗಿದಿತ್ತು. ಶೃಂಗೇರಿಯವನು ಕೊನೆಯನ್ನು ಅಣಕಿಸಿ ತೋರಿಸುತ್ತಿದ್ದ. ಮಳವಳ್ಳಿಯವನೂ ನಕ್ಕ. ಬೆಳಗಿನ ಪಾಳಿಯ ಸೈರನ್ನಿಗೆ ಎಲ್ಲರೂ ಎದ್ದು ಹೋದರು, ನಾನು ಬಸ್ಸು ಹತ್ತಿದೆ.

ಮರುವರ್ಷ ಸೋದರಳಿಯನ ಮದುವೆಯ ಊಟದ ಪಂಕ್ತಿಯಲ್ಲಿ ಅದೇ ಹುಡುಗ ನೀರು ಬಡಿಸುತ್ತ ನನ್ನ ಎಲೆಯ ಮುಂದೆ ನಿಂತ. ಗುರುತು ಹಿಡಿದು, ‘ಆ ಪಿಚ್ಚರ್ ಪೂರ್ತಿ ನೋಡ್ದೆ ಸಾರ್’ ಎಂದ. ಹೇಗಿತ್ತೆಂದು ಕೇಳಿದೆ. ‘ಚೆನ್ನಾಗೈತೆ. ಲಾಸ್ಟು ಸರಿಯಾಗಿ ತೆಗೆದಿಲ್ಲ’ ಎಂದ. ಮೊಬೈಲಿನಲ್ಲಿದ್ದ ಇನ್ನೊಂದನ್ನು ಕುರಿತು ನಾನು ಕೇಳಲಿಲ್ಲ. ಅವನು ಪಕ್ಕದ ಎಲೆಗೆ ನೀರು ಹಾಕುತ್ತ ಮುಂದೆ ಹೋದ.